ನಲವತ್ತೊಂದು ಪಾಯಿಂಟ್ ಎಂಟು

ನಾನು ಬೇಕೆಂದೇ ಒಂದು ಅಂಕೆಯನ್ನು ತಪ್ಪಾಗಿ ಬರೆದೆ. ಸೊನ್ನೆ ಬರೆಯಬೇಕಾದ ಕಡೆ ಎಂಟು ಬರೆದೆ, ಅಷ್ಟೇ. ಅದು ಸೈಕಲ್ಲಿನ ಹ್ಯಾಂಡಲ್ ತಿರುಗಲು ಒಳಗೆ ಕೂರಿಸುವ ಬೇರಿಂಗಿನ ಅಳತೆ. ಒಂದು ಮಿಲಿಮೀಟರ್ ಕೂಡ ಪೂರ್ತಿ ಇಲ್ಲದ ವ್ಯತ್ಯಾಸ. ಇದರಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ. ಹೋದದ್ದು ನನ್ನ ಹೆಂಡತಿಯದು. ಅವಳಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆ ಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ ಅವಳು ಇಪ್ಪತ್ತು ವರ್ಷದ ಕೆಲಸವನ್ನೇ ಬಿಟ್ಟುಕೊಡಲು ತಯಾರಾಗಿದ್ದಳು. ಬರೆಯಲು ಕೂತರೆ ಈಗಲೂ ಮುಖ ಬಿಸಿಯಾಗುತ್ತದೆ. ಆಗಲಿ, ಆಗಬೇಕಾದದ್ದೇ.

ನಾವಿದ್ದದ್ದು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಹದಿನೇಳನೇ ಮಹಡಿಯ ಮನೆಯಲ್ಲಿ, ನಾವಿಬ್ಬರೇ. ನನ್ನೂರು ದಾವಣಗೆರೆ, ಅವಳದು ಮೈಸೂರು. ನಾನು ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದವನು. ಬೇರೆಯವರ ತಪ್ಪು ಹುಡುಕಿ ಪಟ್ಟಿ ಮಾಡುವುದೇ ನನ್ನ ಹೊಟ್ಟೆಪಾಡು. ಅವಳು ಹಿತ್ತಾಳೆ ವಾಲ್ವ್ ತಯಾರಿಸುವ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಕೂತವಳು. ಅವಳು ಅಳೆದು ಸಹಿ ಹಾಕಿದರೆ ಮಾಲು ಹೊರಗೆ ಹೋಗುತ್ತಿತ್ತು. ಹಾಕದಿದ್ದರೆ ಮಾಲೀಕನೇ ಬಂದು ನಿಂತರೂ ಪೆಟ್ಟಿಗೆ ಅಲುಗುತ್ತಿರಲಿಲ್ಲ. ಆ ವರ್ಷ ಅಲ್ಲಿ ತಯಾರಾಗುತ್ತಿದ್ದದ್ದು ಬಹುಪಾಲು ಆಕ್ಸಿಜನ್ ಸಿಲಿಂಡರಿನ ವಾಲ್ವುಗಳು. ಕೊರೊನಾದಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗಲೂ ಆ ಕಾರ್ಖಾನೆಗೆ ಅನುಮತಿ ಇತ್ತು. ಬೆಳಿಗ್ಗೆ ಅನುಮತಿ ಪತ್ರವನ್ನು ಕಾರಿನ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡು ಅವಳು ಹೊರಡುತ್ತಿದ್ದಳು. ದಾರಿಯಲ್ಲಿ ಎರಡು ಕಡೆ ಪೊಲೀಸರು ನಿಲ್ಲಿಸಿ ಕೇಳುತ್ತಿದ್ದರು. ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದೆ.

ಮೊದಲ ವರ್ಷದ ಕೊನೆಗೆ ನನಗೆ ಕೊರೊನಾ ಬಂತು. ದೊಡ್ಡದೇನಲ್ಲ, ಎರಡು ದಿನ ಜ್ವರ. ಆದರೆ ಆಗಿನ ನಿಯಮದ ಪ್ರಕಾರ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ, ಒಂದು ದೊಡ್ಡ ಪ್ರದರ್ಶನ ಮಂದಿರದಲ್ಲಿ ಸಾಲು ಸಾಲಾಗಿ ಹಾಕಿದ್ದ ಮಂಚಗಳ ಪೈಕಿ ಒಂದರಲ್ಲಿ ಮಲಗಿಸಿದರು. ಹನ್ನೊಂದು ದಿನ. ಚಾವಣಿ ಎಷ್ಟು ಎತ್ತರ ಇತ್ತೆಂದರೆ ಅಲ್ಲಿ ಒಂದು ಗುಬ್ಬಚ್ಚಿ ಹಗಲೆಲ್ಲ ಸುತ್ತುತ್ತಿತ್ತು, ಇಳಿಯುವ ದಾರಿ ಅದಕ್ಕೂ ತಿಳಿದಿರಲಿಲ್ಲ. ಪಕ್ಕದ ಮಂಚದಲ್ಲಿ ಒಬ್ಬ ತಮಿಳು ಮುದುಕರಿದ್ದರು. ದಿನಾ ಊಟದ ಡಬ್ಬಿ ತೆರೆದು, ‘ಇದೆಲ್ಲ ಏನು, ನನ್ನ ಕೈ ರಸ ನೀನು ಕುಡಿಯಬೇಕಿತ್ತು’ ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ಎಂಟನೇ ದಿನ ಎದ್ದಾಗ ಅವರ ಮಂಚದ ಮೇಲೆ ಮಡಿಸಿದ ಹೊದಿಕೆ ಮಾತ್ರ ಇತ್ತು. ಎಲ್ಲಿ ಹೋದರು ಎಂದು ಕೇಳಿದೆ. ಯಾರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಾನು ಲಿಫ್ಟ್ ಹತ್ತಲಿಲ್ಲ. ಮೊದಮೊದಲು ಸುಸ್ತು ಎಂದೆ. ಆಮೇಲೆ ಆಫೀಸಿನ ಕೆಲಸ ಎಂದೆ. ತರಕಾರಿ ಬಾಗಿಲಿಗೆ ಬರುತ್ತಿತ್ತು, ಕಸ ಅವಳು ಹೋಗುವಾಗ ಒಯ್ಯುತ್ತಿದ್ದಳು. ಹೀಗೆ ಎಂಟು ತಿಂಗಳು. ಅವಳು ಸಂಜೆ ಬಂದರೆ ಚಪ್ಪಲಿ ಹೊರಗೇ ಬಿಡಬೇಕು. ನಾನು ಬಾಗಿಲಲ್ಲಿ ನಿಂತು ಕೈಗೆ, ಚೀಲಕ್ಕೆ, ಕಾರಿನ ಕೀಲಿಗೆ ಸ್ಪ್ರೇ ಹೊಡೆಯುತ್ತಿದ್ದೆ. ಸ್ನಾನ ಆಗುವವರೆಗೆ ಮಾತಿಲ್ಲ. ಮೊದಲು ಅವಳು ನಗುತ್ತಿದ್ದಳು, ‘ಗರ್ಭಗುಡಿಗೆ ಬಂದ ಹಾಗಾಯ್ತು ನಮ್ಮನೆ’ ಎಂದು. ಆಮೇಲೆ ಸುಮ್ಮನೆ ಕೈ ಚಾಚುತ್ತಿದ್ದಳು.

ಸೈಕಲ್ ಬಾಲ್ಕನಿಯಲ್ಲಿತ್ತು. ಮೊದಲು ಪ್ರತಿ ಭಾನುವಾರ ಬೆಳಿಗ್ಗೆ ಅದರ ಮೇಲೆ ಕೆರೆಯ ಪಾರ್ಕಿಗೆ ಹೋಗಿ ಮೂರು ಸುತ್ತು ಹಾಕಿ, ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಪರೋಟದಂಥ ರೋಟಿ ಚನಾಯ್ ಕಟ್ಟಿಸಿಕೊಂಡು ಬರುತ್ತಿದ್ದೆ. ಮನೆಯೊಳಗೆ ಕೂತ ತಿಂಗಳುಗಳಲ್ಲಿ ಮಧ್ಯಾಹ್ನ ಎರಡು ಮೀಟಿಂಗುಗಳ ನಡುವೆ ಕಣ್ಣು ಎಳೆಯುತ್ತಿತ್ತು. ಮಳೆ ಬರುವ ಮುಂಚಿನ ಮಬ್ಬು ಬೆಳಕು. ಪಕ್ಕದ ಸುರಾವ್ ಎಂಬ ಸಣ್ಣ ಮಸೀದಿಯಿಂದ ಬಾಂಗು ಕೇಳಿಸಿ ನಿಲ್ಲುತ್ತಿತ್ತು. ಆಗ ನಾನು ಕೆರೆಯ ಸುತ್ತ ಸೈಕಲ್ ತುಳಿಯುತ್ತಿದ್ದೆ. ಒದ್ದೆ ರಸ್ತೆ, ತಲೆಯ ಮೇಲೆ ದೊಡ್ಡ ಮಳೆಮರಗಳು, ದಂಡೆಯಲ್ಲಿ ಬಿಸಿಲು ಕಾಯುವ ಉಡ, ನಿಧಾನವಾಗಿ ಕೈ ಆಡಿಸುತ್ತಾ ವ್ಯಾಯಾಮ ಮಾಡುವ ಚೀನೀ ಮುದುಕಿಯರು. ಕಾಲಿಗೆ ಭಾರವೇ ಇಲ್ಲ. ಕೆರೆ ದುಂಡಗಿದ್ದರೂ ನಾನು ಎಲ್ಲಿಯೂ ಹ್ಯಾಂಡಲ್ ತಿರುಗಿಸುತ್ತಿರಲಿಲ್ಲ, ರಸ್ತೆಯೇ ತಿರುಗಿಕೊಳ್ಳುತ್ತಿತ್ತು. ಎಚ್ಚರವಾದಾಗ ಮಾನಿಟರಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಎರಡನೇ ಸಲ ಕರೆಯುತ್ತಿರುತ್ತಿದ್ದರು.

ನಿಯಮ ಸ್ವಲ್ಪ ಸಡಿಲಾಗಿ, ಒಬ್ಬೊಬ್ಬರೇ ಆದರೆ ಸೈಕಲ್ ತುಳಿಯಬಹುದು ಎಂದಾಯಿತು. ಅವಳು ಸುದ್ದಿ ಓದಿದವಳೇ, “ಏನ್ರೀ, ಇನ್ನೇನು ನೆಪ ಇಲ್ಲ. ಭಾನುವಾರ ಹೋಗ್ಬನ್ನಿ” ಎಂದಳು.

ಎದ್ದು ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ತಿರುಗಿಸಿದೆ. ಟಕ್ ಎಂದಿತು. ನೆಟ್ಟಗೆ ಮುಂದೆ ನೋಡುವ ಜಾಗದಲ್ಲಿ ಹ್ಯಾಂಡಲ್ ಒಂದು ಗುಂಡಿಗೆ ಬಿದ್ದ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಬಲ ಹಾಕಿದರೆ ಗರಗರ ಎಂದು ಬಿಡುತ್ತಿತ್ತು. ಬಾಲ್ಕನಿಗೆ ಓರೆಯಾಗಿ ಬಡಿಯುವ ಮಳೆ ನೀರು ಒಳಗೆ ಇಳಿದು, ಕೆಳಗಿನ ಬೇರಿಂಗ್ ತುಕ್ಕು ಹಿಡಿದಿತ್ತು. ಹಾಗೆ ತುಕ್ಕು ಕಂಡು ಕುಣಿಯುವಷ್ಟು ಸಂತೋಷಪಟ್ಟ ಮನುಷ್ಯ ನಾನೊಬ್ಬನೇ ಇರಬೇಕು.

“ನೋಡೇ, ಹ್ಯಾಂಡಲ್ಲೇ ತಿರುಗ್ತಿಲ್ಲ. ಲಾರಿ ಗೀರಿ ಬಂದಾಗ ಸಿಕ್ಕಾಕೊಂಡ್ರೆ ಕಥೆ ಮುಗೀತು” ಎಂದೆ.

“ಅದಕ್ಕೇನು ಬೇಕು?”

“ಬೇರಿಂಗ್ ಬದಲಾಯಿಸ್ಬೇಕು.”

“ಯಾವ ಸೈಜು?”

“ಯಾರಿಗ್ಗೊತ್ತು. ಅದರಲ್ಲಿ ನೂರೆಂಟು ಥರ ಇದಾವೆ.”

ಆ ಮಾತು ಆಡಬಾರದಿತ್ತು. ಅಳತೆ ಕೋಣೆಯಲ್ಲಿ ಇಪ್ಪತ್ತು ವರ್ಷ ಕಳೆದವಳ ಮುಂದೆ ಸೈಜು ಗೊತ್ತಿಲ್ಲ ಎಂದೆನಲ್ಲ, ನನ್ನ ತಲೆಗೆ ಏನು ಬಡಿದಿತ್ತೋ! ಅವಳ ಕಣ್ಣು ಮಿನುಗಿತು. “ಅಷ್ಟೇನಾ? ಭಾನುವಾರ ಬಿಚ್ಚೋಣ, ನಾನು ಅಳೀತೀನಿ” ಎಂದಳು. ನಮ್ಮೂರ ಸೈಕಲ್ ಅಂಗಡಿಗಳಲ್ಲಿ ಹ್ಯಾಂಡಲ್ ಬಿಗಿಯಾದರೆ ನಾಲ್ಕು ಬಿಡಿ ಬಾಲ್ಸ್ ಹಾಕಿ, ಗ್ರೀಸು ಮೆತ್ತಿ, ‘ಹೋಗು’ ಎಂದು ಕಳಿಸುತ್ತಿದ್ದರು. ಅಂಥ ಊರಿಂದ ಬಂದವನು ನಾನು ಇಂಥವಳ ಕೈಗೆ ಸಿಕ್ಕಿದ್ದೆ.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಸೈಕಲ್ ನಿಲ್ಲಿಸಿದೆವು. ಮೇಲಿನ ಮುಚ್ಚಳದ ಬೋಲ್ಟನ್ನು ನಾನು ಅಲೆನ್ ಕೀಯಿಂದ ಬಿಚ್ಚಿದೆ. ಹ್ಯಾಂಡಲ್ ಎತ್ತಿ ಪಕ್ಕಕ್ಕೆ ಇಟ್ಟು, ಮೇಲಿಂದ ಮರದ ಲಟ್ಟಣಿಗೆಯಲ್ಲಿ ಎರಡು ಸಲ ತಟ್ಟಿದಾಗ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕೆಳಗೆ ಜಾರಿತು. ಅದರ ಬುಡದಲ್ಲಿ ಕಿತ್ತಳೆ ಬಣ್ಣದ ನೀರು, ಅದರ ನಡುವೆ ಬಳೆಯಷ್ಟೇ ದಪ್ಪದ ಒಂದು ಉಕ್ಕಿನ ಉಂಗುರ. ಅದೇ ಬೇರಿಂಗ್. ಅದರ ಮೈಮೇಲೆ ಅಳತೆ ಕೆತ್ತಿರುತ್ತಾರಂತೆ, ಇದರಲ್ಲಿ ತುಕ್ಕು ಎಲ್ಲವನ್ನೂ ತಿಂದಿತ್ತು. ಅವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿ ಒರೆಸಿ ಹೊಳಪು ತಂದಳು. ಆಮೇಲೆ ವರ್ನಿಯರ್ ಪೆಟ್ಟಿಗೆ ತೆಗೆದು, ಉಪಕರಣ ಮತ್ತು ಬೇರಿಂಗ್ ಎರಡನ್ನೂ ಗಾಜಿನ ಟೀಪಾಯಿ ಮೇಲೆ ಅಕ್ಕಪಕ್ಕ ಇಟ್ಟು ಕೈ ಕಟ್ಟಿ ಕೂತಳು.

“ಅಳೆ ಮತ್ತೆ” ಎಂದೆ.

“ಒಂದು ಗಂಟೆ ಆಗ್ಲಿ. ಅದು ಬಾಲ್ಕನಿ ಬಿಸಿಲಲ್ಲಿತ್ತು, ಇದು ಬೀರುವಲ್ಲಿತ್ತು. ಎರಡೂ ಒಂದೇ ಗಾಳಿ ಕುಡೀಲಿ.”

ಆ ಒಂದು ಗಂಟೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಕಾಫಿ ಮಾಡಿ ತಂದಳು. ಎಸಿ ಆರಿಸಿ ಫ್ಯಾನ್ ಹಾಕಿದ್ದೆವು. ಕೆಳಗೆ ರಸ್ತೆ ಖಾಲಿ, ಎಲ್‌ಆರ್‌ಟಿ ರೈಲು ದೀಪ ಹಚ್ಚಿಕೊಂಡು, ಒಳಗೆ ಒಬ್ಬರೂ ಇಲ್ಲದೆ, ಕಟ್ಟಡಗಳ ನಡುವೆ ಸದ್ದಿಲ್ಲದೆ ಜಾರಿಹೋಗುತ್ತಿತ್ತು. ಮೋಡ ನಮ್ಮ ಮಹಡಿಯವರೆಗೂ ಇಳಿದು ಎದುರಿನ ಕಟ್ಟಡ ಅರ್ಧ ಅಳಿಸಿಹೋಗಿತ್ತು. ನಾವಿಬ್ಬರೂ ಒಂದು ಉಕ್ಕಿನ ಉಂಗುರ ತಣ್ಣಗಾಗುವುದನ್ನು ಕಾಯುತ್ತಾ ಕೂತಿದ್ದೆವು. ಅವಳು ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ಸಲ ವರ್ನಿಯರ್ ಹಿಡಿದ ದಿನದ ಬಗ್ಗೆ ಹೇಳಿದಳು. ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ, ಅವಳೊಬ್ಬಳದೇ ಉತ್ತರ ಸರಿ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಇಪ್ಪತ್ತರ ಹುಡುಗಿ ಬಂದು ಹೋದಳು. ನನಗೆ ಆ ಗಂಟೆ ಮುಗಿಯುವುದೇ ಬೇಡವಾಗಿತ್ತು.

ಅಳತೆ ಕೋಣೆಯಲ್ಲಿ ಒಂದು ಕ್ರಮ ಇದೆ. ಒಬ್ಬರು ಅಳೆದು ಅಂಕೆಯನ್ನು ಗಟ್ಟಿಯಾಗಿ ಹೇಳಬೇಕು. ಬರೆಯುವವರು ಅದನ್ನು ಗಟ್ಟಿಯಾಗಿ ಮರಳಿ ಹೇಳಿ ಬರೆಯಬೇಕು. ಅಳೆದವರು ಅದನ್ನು ಕೇಳಿ ‘ಸರಿ’ ಎನ್ನಬೇಕು. ‘ಸರಿ’ ಎಂದ ಮೇಲೆ ಆ ಅಂಕೆಯ ಹೊಣೆ ಅಳೆದವರದು. ಆಮೇಲೆ ಯಾರ ನೆನಪಿಗೂ ಬೆಲೆಯಿಲ್ಲ, ಕಾಗದದಲ್ಲಿ ಇದ್ದದ್ದೇ ನಿಜ. ನನಗೆ ಪೆನ್ನು ಕಾಗದ ಕೊಟ್ಟು ಅವಳು ಈ ಕ್ರಮವನ್ನು ಎರಡು ಸಲ ಹೇಳಿಸಿದಳು.

ಮೊದಲು ಬಾಗು ನೋಡಿದಳು. ಈ ಬೇರಿಂಗಿನ ಒಳ ಅಂಚು, ಹೊರ ಅಂಚು ಎರಡನ್ನೂ ಓರೆಯಾಗಿ ಚೆಕ್ಕಿರುತ್ತಾರೆ. ಆ ಓರೆ ತಪ್ಪಿದರೆ ಗಾತ್ರ ಸರಿ ಇದ್ದರೂ ಕೂರುವುದಿಲ್ಲ. ಒಂದು ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದಳು, ತುದಿ ನಲವತ್ತೈದು ಡಿಗ್ರಿ ಆಯಿತು. ಬೇರಿಂಗನ್ನು ಗಾಜಿನ ಮೇಲಿಟ್ಟು ಆ ತುದಿಯನ್ನು ಹೊರ ಅಂಚಿನ ಅಡಿಗೆ ತಳ್ಳಿ ಭೂತಗನ್ನಡಿಯಲ್ಲಿ ನೋಡಿದಳು. ಬೆಳಕು ನುಸುಳಲಿಲ್ಲ. ಮಗುಚಿ ಒಳ ಅಂಚಿಗೆ ಹಿಡಿದಾಗ ಕೂದಲೆಳೆಯಷ್ಟು ಬೆಳಕು ಕಾಣಿಸಿತು. “ಹೊರಗೆ ನಲವತ್ತೈದು. ಒಳಗೆ ಅದಲ್ಲ, ಮೂವತ್ತಾರು ಇರ್ಬೇಕು” ಎಂದಳು. ಎತ್ತರ ಆರೂವರೆ. ಒಳ ಅಗಲ ಮೂವತ್ತು ಪಾಯಿಂಟ್ ಒಂದು ಐದು. ನಾನು ಎಲ್ಲವನ್ನೂ ಮರಳಿ ಹೇಳಿ, ನೆಟ್ಟಗೆ ಬರೆದೆ.

ಕೊನೆಗೆ ಹೊರ ಅಗಲ. ಅವಳು ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡಿ, “ನಲವತ್ತೊಂದು ಪಾಯಿಂಟ್ ಸೊನ್ನೆ” ಎಂದಳು.

ಹಿಂದಿನ ದಿನವೆಲ್ಲ ನಾನು ಇಂಟರ್‌ನೆಟ್ಟಿನಲ್ಲಿ ಇದನ್ನೇ ಓದಿದ್ದೆ. ಈ ಜಾತಿಯಲ್ಲಿ ನಲವತ್ತೊಂದೂ ಇದೆ, ನಲವತ್ತೊಂದು ಪಾಯಿಂಟ್ ಎಂಟೂ ಇದೆ. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ, ಜನ ಯಾವಾಗಲೂ ಎಡವುತ್ತಾರೆ. ಎಡವಿದರೆ ಬೇರೆಯದು ತರಿಸಲು ಎರಡು ಮೂರು ವಾರ. ಅಷ್ಟರಲ್ಲಿ ಮತ್ತೆ ಲಾಕ್‌ಡೌನ್ ಬಂದರೂ ಬಂತು. ನನ್ನ ಕಣ್ಣ ಮುಂದೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಆ ಮಡಿಸಿದ ಹೊದಿಕೆ ಕಾಣಿಸಿತು.

“ನಲವತ್ತೊಂದು ಪಾಯಿಂಟ್ ಸೊನ್ನೆ” ಎಂದು ಗಟ್ಟಿಯಾಗಿ ಹೇಳಿದೆ. ಎಂಟು ಬರೆದೆ.

“ಸರಿ” ಎಂದಳು.

ಅವಳಿಗೆ ಬೈಗುಳ ಗೊತ್ತು, ನನಗೆ ತಿನ್ನುವುದು ಗೊತ್ತು. ಬೇರಿಂಗ್ ಕೂರದಿದ್ದಾಗ ‘ಕಿವುಡು ಮುಂಡೇದೇ, ಏನು ಕೇಳಿಸ್ಕೊಂಡು ಏನು ಬರೆದ್ರಿ’ ಎನ್ನುತ್ತಾಳೆ, ನಾನು ತಲೆ ಕೆರೆದುಕೊಂಡರಾಯಿತು ಎಂದು ಲೆಕ್ಕ ಹಾಕಿದ್ದೆ. ಎಂಥ ಲೆಕ್ಕ! ನನ್ನ ಬುದ್ಧಿಗೆ ಬೆಂಕಿ ಹಾಕ.

ನಮ್ಮ ಓಣಿಯ ಕೊನೆಗೆ ಒಬ್ಬ ಚೀನೀ ಅಂಕಲ್ಲಿನ ಸೈಕಲ್ ಅಂಗಡಿ ಇದೆ. ಆಗ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ವಾಟ್ಸಾಪಿನಲ್ಲಿ ಹೇಳಿದರೆ ಕಳಿಸುತ್ತಿದ್ದರು. ಅಳತೆ ಬರೆದ ಕಾಗದದ ಫೋಟೋ ಕಳಿಸಿದೆ. ಅಲ್ಲಿನವರ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸುವ ಇಂಗ್ಲಿಷಿನಲ್ಲಿ ಅವರು ದನಿ ಸಂದೇಶ ಕಳಿಸಿದರು: “ನಲವತ್ತೊಂದೂ ಉಂಟು, ನಲವತ್ತೊಂದು ಪಾಯಿಂಟ್ ಎಂಟೂ ಉಂಟು ಲಾ. ನಿಮ್ಮ ಸೈಕಲ್ಲಿಗೆ ನಲವತ್ತೊಂದು ಅಂತ ನನಗೆ ಅನ್ನಿಸ್ತದೆ. ಇನ್ನೊಂದು ಸಲ ನೋಡಿ ಹೇಳಿ.” ಅಂದರೆ ಹಿಂದಕ್ಕೆ ಬರಲು ಒಂದು ಬಾಗಿಲು ತೆರೆದಿತ್ತು. ನಾನು ‘ಪಾಯಿಂಟ್ ಎಂಟೇ’ ಎಂದು ಒತ್ತಿದೆ. ಆ ಮಧ್ಯಾಹ್ನ ಕೆರೆಯ ಕನಸು ಬೀಳಲಿಲ್ಲ.

ಮೂರು ದಿನಕ್ಕೆ ಬೇರಿಂಗ್ ಬಂತು. ಅವಳು ಸ್ನಾನ ಮುಗಿಸಿ ಬಂದವಳೇ ಖುಷಿಯಿಂದ ಅದು ಕೂರುವ ಉಕ್ಕಿನ ಬಟ್ಟಲಿಗೆ ಗ್ರೀಸು ಸವರಿ ಒತ್ತಿದಳು. ಕೂರಲಿಲ್ಲ. ತಿರುಗಿಸಿ ಒತ್ತಿದಳು. ಕೂರಲಿಲ್ಲ. ಹೊಸದನ್ನು ಅಳೆದಳು, ನಲವತ್ತೊಂದು ಪಾಯಿಂಟ್ ಎಂಟು. ಹಳೆಯದನ್ನು ತೆಗೆದು ಅಳೆದಳು, ನಲವತ್ತೊಂದು. ಕಾಗದ ನೋಡಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

“ನಾನೇ ತಪ್ಪು ಓದಿದೀನಿ” ಎಂದಳು.

“ಇಲ್ಲ, ನಾನೇ ಬರೆಯೋವಾಗ…”

“ಇಲ್ಲ ರೀ. ನೀವು ಗಟ್ಟಿಯಾಗಿ ಹೇಳಿ ಬರೆದ್ರಿ. ನಾನು ಕೇಳಿಸ್ಕೊಂಡು ಸರಿ ಅಂದೆ. ಸರಿ ಅಂದಿದ್ದು ನನಗೆ ನೆನಪಿದೆ.”

ಅಲ್ಲಿಯೇ ಹೇಳಬೇಕಿತ್ತು. ಬಾಯಿ ತೆರೆದೆ, ಅಷ್ಟರಲ್ಲಿ ಅವಳು ವರ್ನಿಯರ್ ಒರೆಸಿ ಪೆಟ್ಟಿಗೆಗೆ ಹಾಕಿ ಒಳಗೆ ಹೋಗಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ನಲವತ್ತೊಂದರ ಬೇರಿಂಗಿಗೆ ಅಂಕಲ್ಲಿಗೆ ಸಂದೇಶ ಕಳಿಸಿದೆ. ಅಷ್ಟರಲ್ಲಿ ಅದು ಖರ್ಚಾಗಿತ್ತು, ಬರಲು ಮೂರು ವಾರ ಎಂದರು. ನನಗೆ ಬೇಕಾದದ್ದು ಸಿಕ್ಕಿತ್ತು.

ಆ ಮೂರು ವಾರದಲ್ಲಿ ಅವಳು ಬದಲಾದಳು. ಮೊದಲು ಕನ್ನಡಕ ಒರೆಸುವುದು ಹೆಚ್ಚಾಯಿತು. ಆಮೇಲೆ ಸಾಂಬಾರಿಗೆ ಉಪ್ಪು ಹಾಕಿ, ಹಾಕಿದೆನಾ ಎಂದು ನನ್ನನ್ನು ಕೇಳುತ್ತಿದ್ದಳು. ಕೆಲಸದಿಂದ ತಡವಾಗಿ ಬರುತ್ತಿದ್ದಳು. ಒಂದೊಂದು ವಾಲ್ವನ್ನೂ ಮೂರು ಮೂರು ಸಲ ಅಳೆಯುತ್ತಿದ್ದಳಂತೆ, ಪೆಟ್ಟಿಗೆಗಳು ರಾಶಿ ಬೀಳುತ್ತಿದ್ದವಂತೆ. ಒಂದು ಸಂಜೆ ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದುಕೊಂಡು, “ಪಾಯಿಂಟ್ ಎಂಟು ಅಂದ್ರೆ ಎಷ್ಟು ದೊಡ್ಡ ತಪ್ಪು ಗೊತ್ತಾ ನಿಮಗೆ? ನಮ್ಮಲ್ಲಿ ಪಾಯಿಂಟ್ ಸೊನ್ನೆ ಎರಡಕ್ಕೆ ಮಾಲು ವಾಪಸ್ ಕಳಿಸ್ತೀವಿ. ಈ ಕಣ್ಣಲ್ಲಿ ನೋಡಿ ಆರು ತಿಂಗಳಿಂದ ಎಷ್ಟು ಸಿಲಿಂಡರಿಗೆ ಸಹಿ ಹಾಕಿದೀನೋ. ಅದರ ಕೊನೇಲಿ ಯಾರ್ಯಾರು ಮಲಗಿದಾರೋ” ಎಂದಳು.

“ಒಂದು ಸಲ ಆಗಿದ್ದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ, ಬಿಡೇ” ಎಂದೆ. ಹೇಡಿಗೆ ಸಿಗುವ ಮಾತೇ ಅಂಥದ್ದು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಳು. ಕಣ್ಣು ಚೆನ್ನಾಗಿದೆ ಎಂದರಂತೆ. ಅದರಿಂದ ಅವಳಿಗೆ ಇನ್ನೂ ದಿಗಿಲಾಯಿತು. ಕಣ್ಣು ಸರಿ ಇದ್ದೂ ತಪ್ಪು ಓದಿದ್ದರೆ ಕೆಟ್ಟದ್ದು ತಲೆಯೇ ಇರಬೇಕು ಎಂದು ತೀರ್ಮಾನಿಸಿದಳು. ನನಗೂ ಆ ದಿನಗಳಲ್ಲಿ ಎಚ್ಚರಕ್ಕೂ ನಿದ್ದೆಗೂ ನಡುವಿನ ಗೆರೆ ಅಳಿಸಿದ ಹಾಗಿತ್ತು. ಬಾಲ್ಕನಿಯಲ್ಲಿ ಸೈಕಲ್ ಎರಡು ತುಂಡಾಗಿ ಒರಗಿತ್ತು. ಮೋಡ ಬಂದು ಅದರ ಮೇಲೆ ಹಾದುಹೋಗುತ್ತಿತ್ತು. ನಾನು ಗಂಟೆಗಟ್ಟಲೆ ಅದನ್ನು ನೋಡುತ್ತಾ, ಹೇಳಬೇಕಾದ ಒಂದು ವಾಕ್ಯವನ್ನು ಬಾಯೊಳಗೇ ಉರುಳಿಸುತ್ತಾ ಕೂರುತ್ತಿದ್ದೆ.

ಮೂರನೇ ಭಾನುವಾರ ತಿಂಡಿ ಆದ ಮೇಲೆ ಅವಳು ಟೇಬಲ್ಲಿನ ಮೇಲೆ ಬಿಳಿ ಕಾಗದ ಇಟ್ಟುಕೊಂಡು ಏನೋ ಬರೆದಳು. ಹೊಡೆದುಹಾಕಿ ಮತ್ತೆ ಬರೆದಳು. ಕೊನೆಗೆ ನನ್ನ ಕಡೆ ತಳ್ಳಿದಳು. “ಮ್ಯಾನೇಜರಿಗೆ ನಾಳೆ ಕೊಡ್ಬೇಕು. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ತಪ್ಪಿದ್ರೆ ಹೇಳಿ.”

ತನ್ನ ಅಳತೆಗಳನ್ನು ಇನ್ನು ನಂಬಲಾಗದು, ತನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಬೇಕು, ಕಳೆದ ಆರು ತಿಂಗಳಲ್ಲಿ ತಾನು ಸಹಿ ಹಾಕಿದ್ದನ್ನೆಲ್ಲ ಬೇರೆಯವರಿಂದ ಇನ್ನೊಮ್ಮೆ ಪರೀಕ್ಷಿಸಬೇಕು. ನಾಲ್ಕೇ ಸಾಲು. ಅಕ್ಷರಗಳು ಅವಳ ಅಂಕೆಗಳ ಹಾಗೆಯೇ ನೆಟ್ಟಗೆ ನಿಂತಿದ್ದವು.

“ತಪ್ಪಿದೆ” ಎಂದೆ.

“ಎಲ್ಲಿ?”

“ಎಲ್ಲಾ ತಪ್ಪು. ನೀನು ಸೊನ್ನೆ ಅಂತಾನೇ ಓದಿದ್ದೆ. ನಾನೂ ಸೊನ್ನೆ ಅಂತಾನೇ ಹೇಳಿದೆ. ಹೇಳ್ತಾ ಹೇಳ್ತಾ ಎಂಟು ಬರೆದೆ. ಬೇಕಂತಲೇ ಬರೆದೆ ಕಣೆ.”

ಅವಳು ನನ್ನನ್ನೇ ನೋಡಿದಳು. “ಇನ್ನೊಂದು ಸಲ ಹೇಳಿ.”

ಹೇಳಿದೆ.

“ಅಂದ್ರೆ ನಾನು ಸರಿಯಾಗೇ ಓದಿದ್ನಾ?”

“ಹೂಂ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಕೆಮ್ಮಿನ ಔಷಧಿಯ ಬಾಟಲಿ ತಂದಳು. ಕನ್ನಡಕ ಸರಿಮಾಡಿಕೊಂಡು ಅದರ ಹಿಂದಿನ ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಸಾಂಬಾರ್ ಪುಡಿಯ ಪೊಟ್ಟಣದ ತುದಿಯಲ್ಲಿ ಅರ್ಧ ಅಳಿಸಿದ್ದ ತಾರೀಖು. ಆಮೇಲೆ ರಿಮೋಟಿನ ಬೆನ್ನ ಮೇಲಿನ ನಂಬರು, ಬಲ್ಬಿನ ಬುಡದ್ದು, ಮಾತ್ರೆ ಹಾಳೆಯದ್ದು. ಒಂದೊಂದನ್ನೂ ಓದಿ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತುತ್ತಿದ್ದಳು. “ನನ್ನ ಕಣ್ಣು ಸರಿಯಿದೆ. ನನ್ನ ತಲೆ ಸರಿಯಿದೆ” ಎನ್ನುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನಗುತ್ತಲೂ ಇದ್ದಳು. ನಾನು ಕಸಿದುಕೊಂಡದ್ದು ಎಷ್ಟು ಎಂದು ನನಗೆ ಆಗ ತಿಳಿಯಿತು.

ಸಿಟ್ಟು ಆಮೇಲೆ ಬಂತು. ಕಾಗದವನ್ನು ಹರಿದು ಹಾಕಿ, ಟೇಬಲ್ ಗುದ್ದಿ, “ಮೂರು ವಾರ ಕಣ್ರೀ! ಮೂರು ವಾರ ನನ್ನನ್ನ ಹಾಗೆ ಸಾಯೋಕೆ ಬಿಟ್ರಲ್ಲ, ಎದುರಿಗೇ ಕೂತು ಉಂಡ್ರಲ್ಲ. ಯಾಕ್ರೀ? ಯಾಕೆ?” ಎಂದಳು.

“ಕೆಳಗೆ ಹೋಗೋಕೆ ಹೆದರಿಕೆ ಆಗ್ತಿತ್ತು.”

“ಹಾಗಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಾನೇನು ಕತ್ತು ಹಿಡಿದು ಹೊರಗೆ ನೂಕ್ತಿದ್ನಾ?”

“ನೀನು ದಿನಾ ಹೋಗಿ ಬರ್ತಿದ್ದೀಯ. ನಾನು ಮನೇಲಿ ಕೂತು ಹೆದರಿಕೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಅವಳು ಸೆರಗಿನಿಂದ ಕನ್ನಡಕ ಒರೆಸಿದಳು. ಆಮೇಲೆ ಮಾತಾಡಿದಾಗ ದನಿ ತೀರಾ ಸಣ್ಣಗಿತ್ತು.

“ನನಗೆ ಹೆದರಿಕೆ ಇಲ್ಲ ಅನ್ಕೊಂಡ್ರಾ? ದಿನಾ ಆಗುತ್ತೆ. ಲಿಫ್ಟ್ ಬಾಗ್ಲು ಮುಚ್ಚಿದ ಕೂಡ್ಲೇ ಕೈ ನಡುಗೋಕೆ ಶುರುವಾಗುತ್ತೆ. ಪಾರ್ಕಿಂಗ್‌ನಲ್ಲಿ ಕಾರೊಳಗೆ ಹತ್ತು ನಿಮಿಷ ಕೂತು, ಕೈ ನಿಂತ ಮೇಲೆ ಹೊರಡ್ತೀನಿ. ಸಂಜೆ ವಾಪಸ್ ಬಂದಾಗ್ಲೂ ಅಷ್ಟೇ, ಅಲ್ಲೇ ಕೂತಿರ್ತೀನಿ. ನಿಮಗೆ ಎಲ್ಲಿ ತಂದು ಅಂಟಿಸ್ತೀನೋ ಅಂತ.”

ಎಂಟು ತಿಂಗಳು ನಾನು ಅವಳ ಕೈಗೆ ಸ್ಪ್ರೇ ಹೊಡೆದಿದ್ದೆ. ಆ ಕೈ ನಡುಗುತ್ತಿದೆಯೇ ಎಂದು ಒಂದು ದಿನವೂ ನೋಡಿರಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ನಾನೂ ಮಾಸ್ಕ್ ಕಟ್ಟಿ, ಚಪ್ಪಲಿ ಮೆಟ್ಟಿದೆ. ಅವಳಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು. ಹದಿನೇಳು, ಹದಿನಾರು, ಹದಿನೈದು. ಕೆಳಗೆ ಪಾರ್ಕಿಂಗಿನ ಮಬ್ಬಿನಲ್ಲಿ ನಮ್ಮ ಕಾರು ನಿಂತಿತ್ತು. ಅವಳು ಸ್ಟಿಯರಿಂಗ್ ಹಿಂದೆ ಕೂತಳು, ನಾನು ಪಕ್ಕದ ಬಾಗಿಲು ತೆಗೆದು ಕೂತೆ. ಇಂಜಿನ್ ಹಾಕಲಿಲ್ಲ. ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಅವಳ ಎರಡೂ ಕೈ ತೊಡೆಯ ಮೇಲೆ ಸಣ್ಣಗೆ ಅದುರುತ್ತಿದ್ದವು. ಒಂದನ್ನು ಹಿಡಿದುಕೊಂಡೆ. ನನ್ನದೂ ಅದುರುತ್ತಿತ್ತು, ಯಾರದು ಯಾವುದೆಂದು ತಿಳಿಯುತ್ತಿರಲಿಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, “ಇಳೀರಿ. ನನಗೆ ಲೇಟಾಗುತ್ತೆ” ಎಂದಳು.

ಇಳಿದೆ. ಕಾರು ಇಳಿಜಾರು ಹತ್ತಿ ಬೆಳಕಿಗೆ ಹೋಯಿತು. ನಾನು ಅದರ ಹಿಂದೆಯೇ, ಕಾಲ್ನಡಿಗೆಯಲ್ಲಿ, ಹೊರಗೆ ಬಂದೆ.